ಸೀಮೆಸುಣ್ಣದ ವಾಚು

ಸಂಜೆಯೊಳಗೆ ಅಂಗಿಗಳಿಗೆಲ್ಲ ಕಾಜ ಹೊಲಿದು ಕಾರ್ಖಾನೆಗೆ ತಲುಪಿಸಬೇಕಿತ್ತು. ದಾರದುಂಡೆಯನ್ನು ಗೋಜಲು ಮಾಡಿದ್ದ ಮಗಳ ಬೆನ್ನಿಗೆ ಹೊಲಿಗೆಯವಳು ಒಂದು ಬಿಟ್ಟಳು. ಮಗು ಅಳಲಿಲ್ಲ. "ನನ್ನ ಮೊದಲಿನ ಅಮ್ಮ ಹೊಡೀತಿರಲಿಲ್ಲ" ಎಂದಿತು.

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಇಸ್ತ್ರಿ ಅಕ್ಕನ ಕಿವಿ ನೆಟ್ಟಗಾಯಿತು. ಈ ಮಗು ಹುಟ್ಟುವ ಮೊದಲೇ ಜ್ವರಕ್ಕೆ ಮಗಳನ್ನು ಕಳೆದುಕೊಂಡವಳು ಅವಳು; ಆ ಕೂಸೇ ಇಲ್ಲಿ ಮತ್ತೆ ಹುಟ್ಟಿದೆಯೇನೋ ಅನ್ನಿಸಿತು. ಮರುದಿನ ತನ್ನ ಅತ್ತೆಯನ್ನೂ ಕಟ್ಟಿಕೊಂಡು ಬಂದಳು. ಕಂಕುಳಲ್ಲಿ ಸತ್ತ ಮಗಳ ಪುಟ್ಟ ಫ್ರಾಕು.

"ಹೇಳು ಬಂಗಾರ, ಆ ಅಮ್ಮ ಹೇಗಿದ್ಲು?"

"ಹಾಡು ಹೇಳ್ತಿದ್ಲು."

"ನೋಡಿ ಅತ್ತೆ, ನಾನೂ ಹಾಡ್ತಿದ್ದೆ."

"ಅದಕ್ಕೆ ಹಾಡು ಅಂತಾರೇನೇ? ಬೀದಿ ನಾಯಿಗಳೆಲ್ಲ ಜೊತೆಗೂಡ್ತಿದ್ವು" ಎಂದಳು ಅತ್ತೆ. ಹಾಗೆಂದರೂ ಅವಳೂ ಹತ್ತಿರ ಸರಿದು ಕೂತಳು.

"ಮತ್ತೇನ್ಮಾಡ್ತಿದ್ಲು?"

"ಕೈಗೆ ವಾಚು ಕಟ್ತಿದ್ಲು. ಬಿಳೀದು. ನೀರು ಬಿದ್ರೆ ಹೊರಟೋಗೋದು."

"ನಮ್ಮ ಕೂಸೂ ಅಪ್ಪನ ವಾಚು ಬೇಕು ಅಂತ ಪ್ರಾಣ ತಿಂತಿತ್ತು." ಇಸ್ತ್ರಿ ಅಕ್ಕ ಫ್ರಾಕನ್ನು ತೊಡೆಯ ಮೇಲೆ ಬಿಡಿಸಿದಳು. ನೀರಿನ ಮಾತು ಅವಳ ಕಿವಿಗೆ ಬಿದ್ದಂತಿರಲಿಲ್ಲ.

ಹೊಲಿಗೆಯವಳ ಕಿವಿಗೆ ಬಿತ್ತು. ಸೂಜಿ ಬಟ್ಟೆಯಲ್ಲೇ ನಿಂತಿತು. ಈ ಕಾರ್ಖಾನೆಯ ಕೆಲಸ ಹಿಡಿಯುವ ಮೊದಲು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅದರ ಮಣಿಕಟ್ಟಿಗೆ ವಾಚು ಬರೆಯುತ್ತಿದ್ದಳು. ಮುಳ್ಳು ಎಲ್ಲಿಡಲಿ ಎಂದು ಕೇಳಿದರೆ, "ಊಟದ ಹೊತ್ತಿಗೆ" ಎನ್ನುತ್ತಿತ್ತು ಮಗು.

"ನಿನ್ನ ಕಾಲು ಹಿಡ್ಕೋತೀನಿ ತಂಗಿ, ಹಗಲು ಹೊತ್ತು ಇವಳನ್ನ ನಮ್ಮನೇಲಿ ಬಿಡು. ನಿಂಗೂ ಕೆಲಸ ಸಾಗುತ್ತೆ" ಎಂದಳು ಇಸ್ತ್ರಿ ಅಕ್ಕ.

ಹೊಲಿಗೆಯವಳಿಗೆ ಮೊದಲು ನೆನಪಾದದ್ದು ಆ ದಿನದ ಅಂಗಿಗಳಲ್ಲಿ ಉಳಿದಿದ್ದ ಕಾಜಗಳು. ಸುಮ್ಮನಿದ್ದರಾಯಿತು, ಹೊಲಿಗೆಯೆಲ್ಲ ಮುಗಿದೀತು. ಮರುಗಳಿಗೆಯೇ ಆ ಯೋಚನೆಗೆ ನಾಚಿ ಭೂಮಿಗಿಳಿದು ಹೋದಳು. ಇಸ್ತ್ರಿ ಅಕ್ಕ ಆಗಲೇ ಫ್ರಾಕನ್ನು ಮಗುವಿನ ಎದೆಗೆ ಹಿಡಿದು ಅಳತೆ ನೋಡುತ್ತಿದ್ದಳು.

"ಬೇಡ ಅಕ್ಕ. ಆ ಅಮ್ಮ ನೀನಲ್ಲ." ಹೊಲಿಗೆಯವಳು ಸೂಜಿ ಕೆಳಗಿಟ್ಟಳು. "ನಾನೇ. ಹೋದ ವರ್ಷದವಳು."

ಇಸ್ತ್ರಿ ಅಕ್ಕ ಫ್ರಾಕನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಿಚಿದಳು. ಅತ್ತೆ ಅವಳ ತೋಳು ಹಿಡಿದು, "ನಡಿಯಮ್ಮ" ಎಂದು ಕರೆದೊಯ್ದಳು.

ಹೊಲಿಗೆಯವಳು ಡಬ್ಬಿ ತಡಕಿ ಸೀಮೆಸುಣ್ಣದ ತುಂಡು ತೆಗೆದಳು. ಕೈ ಚಾಚಿದ್ದೇ ತಡ, ಮಗು ಬೆನ್ನನ್ನು ಗೋಡೆಗೆ ಒತ್ತಿಕೊಂಡಿತು. ಅವಳು ಅಲ್ಲೇ ಕೂತು ಕಾದಳು. ಬಹಳ ಹೊತ್ತಿನ ಮೇಲೆ ಪುಟ್ಟ ಕೈಯೊಂದು ಅರ್ಧ ಮುಂದೆ ಬಂತು. ಒಂದು ಸುತ್ತು ಬರೆದಳು, ಪಟ್ಟಿ ಎಳೆದಳು.

ಮಗು ಬೆರಗಿನಿಂದ ಅವಳ ಮುಖ ನೋಡಿತು.

"ನಿಂಗೆ ಅವಳು ಗೊತ್ತಾ?"

ತಲೆಯೆತ್ತಲು ಅವಳಿಂದಾಗಲಿಲ್ಲ. "ಮುಳ್ಳು ಎಲ್ಲಿಡಲಿ?" ಎಂದಷ್ಟೇ ಕೇಳಿದಳು.