ನೀನೇ ಬರೆದು ತಾ

ಒದ್ದೆ ಹೊದಿಕೆಯ ಒಂದು ತುದಿ ಟೇಪಕ್ಕನ ಕೈಯಲ್ಲಿ, ಇನ್ನೊಂದು ತುದಿ ನಾದಿನಿಯ ಕೈಯಲ್ಲಿ. ಇಬ್ಬರೂ ತಾರಸಿಯ ಮೇಲೆ ಎದುರುಬದುರು ನಿಂತು ಹಿಂಡುತ್ತಿದ್ದಾಗ ಗೋಡೆಯ ಮೇಲಿಟ್ಟಿದ್ದ ಫೋನು ಮತ್ತೆ ಗುಂಯ್‌ಗುಟ್ಟಿತು.

"ಅತ್ತಿಗೆ, ನಿಮ್ಮ ಗೈಡು! ಬೆಳಗಿಂದ ಬಡ್ಕೊಳ್ತಿದೆ. ಎತ್ತಬಾರದಾ?"

"ಬಡ್ಕೊಳ್ಳಲಿ. ನೀನು ಗಟ್ಟಿಯಾಗಿ ಹಿಂಡು."

ಟೇಪಕ್ಕ ಎನ್ನುವುದು ಸೂಲಗಿತ್ತಿಯರು ಇಟ್ಟ ಹೆಸರು. ಸಂಶೋಧನೆ ಮಾಡುತ್ತಿದ್ದ ವಯಸ್ಸಿನಲ್ಲಿ ಆಕೆ ಹೆಗಲಿಗೆ ಟೇಪ್‌ರೆಕಾರ್ಡರ್ ನೇತುಹಾಕಿಕೊಂಡು ಮನೆಮನೆ ತಿರುಗಿದ್ದಳು. ಹೆರಿಗೆಯ ನೋವಿನಲ್ಲಿರುವ ಹೆಣ್ಣಿಗೆ ಆ ಮುದುಕಿಯರು ಹೇಳುವ ಸಮಾಧಾನದ ಮಾತು, ಬೈಗುಳ, ತಮಾಷೆ ಎಲ್ಲವನ್ನೂ ತುಂಬಿಕೊಂಡು ಬಂದಿದ್ದಳು. ಆ ಕೆಲಸ ಮುಂದುವರಿಸಲು ಒಂದು ಫೆಲೋಶಿಪ್ಪನ್ನೂ ತಾನೇ ಹುಡುಕಿ ತೆಗೆದಿದ್ದಳು. ಅದಕ್ಕೆ ಗೈಡಿನ ಶಿಫಾರಸು ಪತ್ರ ಬೇಕಿತ್ತು.

"ನೀನೇ ಬರೆದು ತಾ, ಸಹಿ ಹಾಕ್ತೀನಿ" ಎಂದಿದ್ದರು ಗೈಡು. ಅವರದು ಎಲ್ಲರ ಜೊತೆಗೂ ಅದೇ ಪದ್ಧತಿ. ತನ್ನನ್ನು ತಾನೇ ಹೊಗಳಿಕೊಳ್ಳಲು ನಾಚಿ ನೀರಾಗುತ್ತ ಅವಳು ಬರೆದು ಒಯ್ದಳು. ಇದು ಜಾಸ್ತಿಯಾಯ್ತು, ಅದು ಕಮ್ಮಿಯಾಯ್ತು ಎಂದು ವಾರಗಟ್ಟಲೆ ತಿದ್ದಿಸಿದರು. ಕೊನೆಗೆ "ಕಳಿಸ್ತೀನಿ ಬಿಡು" ಎಂದು ಮೇಜಿನ ಡ್ರಾದೊಳಗೆ ಹಾಕಿದ್ದು ಅಲ್ಲೇ ಉಳಿಯಿತು. ಗಡುವು ಮುಗಿಯಿತು. ಮರುವರ್ಷ ಅದೇ ಫೆಲೋಶಿಪ್ಪು, ಅದೇ ಸೂಲಗಿತ್ತಿಯರು, ಆದರೆ ಹೆಸರು ಗೈಡಿನದು.

ಟೇಪಕ್ಕ ಬೇರೆಯವರ ಕೈಕೆಳಗೆ ಡಾಕ್ಟರೇಟ್ ಮುಗಿಸಿದಳು, ಪಾಠ ಹೇಳಿದಳು, ಈಗ ವಿಭಾಗದ ಮುಖ್ಯಸ್ಥೆ. ಸಿಟ್ಟು ಮಾತ್ರ ಆವತ್ತು ಎಷ್ಟಿತ್ತೋ ಅಷ್ಟೇ ಇತ್ತು.

ಈಗ ಗೈಡು ನಿವೃತ್ತರು. ಹಿರಿಯ ವಿದ್ವಾಂಸರ ಫೆಲೋಶಿಪ್ ಸಿಕ್ಕರೆ ವಿಶ್ವವಿದ್ಯಾಲಯದ ಕೋಣೆ ಅವರಿಗೇ ಉಳಿಯುತ್ತದೆ, ಇಲ್ಲದಿದ್ದರೆ ಪುಸ್ತಕ ಕಟ್ಟಿಕೊಂಡು ಹೊರಡಬೇಕು. ಅರ್ಜಿಗೆ ಹಳೆಯ ಶಿಷ್ಯರೊಬ್ಬರ ಪತ್ರ ಕಡ್ಡಾಯ. ಮಿಕ್ಕ ಶಿಷ್ಯರೆಲ್ಲ ಮೆಲ್ಲಗೆ ಜಾರಿಕೊಂಡ ಮೇಲೆ ಅವರು ಅಭ್ಯಾಸಬಲದಿಂದ ಪತ್ರವನ್ನು ತಾವೇ ಬರೆದು ಟೇಪಕ್ಕನಿಗೆ ಕಳಿಸಿದ್ದರು. ಎರಡು ತಿಂಗಳಿಂದ ಅವಳದು ಒಂದೇ ಉತ್ತರ, "ನೋಡ್ತಾ ಇದ್ದೀನಿ ಸರ್." ಹಾಗೆ ಹೇಳಿದಾಗಲೆಲ್ಲ ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಇವತ್ತು ಸಂಜೆಗೆ ಗಡುವು.

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಲ್ಯಾಪ್‌ಟಾಪ್ ಚೀಲ ಹೊತ್ತು ಗೈಡು ತಾವೇ ಬಂದಿದ್ದರು.

"ಏನಮ್ಮಾ ಇದು? ಒಂದು ಗುಂಡಿ ಒತ್ತೋದಕ್ಕೆ ಇಷ್ಟು ಸತಾಯಿಸ್ತೀಯಾ?"

"ಕೆಳಗೆ ಕೂತಿರಿ ಸರ್. ಬಟ್ಟೆ ಹರವಿಬಿಟ್ಟು ಬರ್ತೀನಿ."

ಅವರು ಇಳಿದು ಹೋದರು. ನಾದಿನಿ ಪಿಸುಗುಟ್ಟಿದಳು, "ಕಾಲುಚೀಲಕ್ಕೂ ಎರಡೆರಡು ಕ್ಲಿಪ್ಪಾ ಅತ್ತಿಗೆ?"

"ಗಾಳಿ ಜೋರಾಗಿದೆ."

ಒಂದೆಲೆಯೂ ಅಲುಗುತ್ತಿರಲಿಲ್ಲ.

ಕೊನೆಗೂ ಇಳಿದು ಬಂದು, ಅವರ ಪಕ್ಕ ಕುಳಿತು ಟೇಪಕ್ಕ ಗಟ್ಟಿಯಾಗಿ ಓದತೊಡಗಿದಳು. "'ಅಪ್ರತಿಮ ಪಾಂಡಿತ್ಯ.' ಜಾಸ್ತಿಯಾಯ್ತು ಸರ್, ತೆಗೀರಿ."

ತೆಗೆದರು.

"'ಶಿಷ್ಯರ ಪಾಲಿಗೆ ತಂದೆಯಂತೆ.' ಯಾವ ಶಿಷ್ಯರ ಪಾಲಿಗೆ? ಒಂದು ಹೆಸರು ಹಾಕಿ."

ಗೈಡು ಚಾವಣಿ ನೋಡಿದರು. ಅಡುಗೆಮನೆ ಬಾಗಿಲಲ್ಲಿ ನಾದಿನಿ ಕೆಮ್ಮಿದಳು. ಆ ಸಾಲೂ ಹೋಯಿತು.

"'ಸೂಲಗಿತ್ತಿಯರ ಮಾತುಗಳನ್ನು ಸ್ವತಃ ಮನೆಮನೆಗೆ ಹೋಗಿ ಸಂಗ್ರಹಿಸಿದರು.'" ಅವಳ ದನಿ ತಗ್ಗಿತು. "ಯಾರ ಮನೆಗೆ ಹೋಗಿದ್ರಿ ಸರ್?"

"ಹಳೇ ಕಾಲದ ಮಾತು. ನೀನೂ ಇದ್ದೆ ಅಲ್ವಾ ಆಗ, ಸಹಾಯಕ್ಕೆ?"

"ಸಹಾಯಕ್ಕೆ! ನನ್ನ ಪತ್ರ ನಿಮ್ಮ ಡ್ರಾದಲ್ಲೇ ಉಳೀತಲ್ಲ?"

"ಯಾವ ಪತ್ರ?"

ನಾಟಕವಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಟೇಪಕ್ಕ ಲ್ಯಾಪ್‌ಟಾಪನ್ನು ಅವರ ಕಡೆಗೆ ತಳ್ಳಿದಳು. ಇಷ್ಟು ವರ್ಷ ತಾನೊಬ್ಬಳೇ ಬೆಂದದ್ದು, ಈ ಮನುಷ್ಯನಿಗೆ ಅದರ ಹೊಗೆಯೂ ತಾಗಿಲ್ಲ! ಅವರು ಒಂದು ಕ್ಷಣ ತಲೆ ತಗ್ಗಿಸಿದ್ದರೂ ಇಷ್ಟು ಸತಾಯಿಸಿದ್ದೇ ಸಾಕೆಂದು ಬಿಡುತ್ತಿದ್ದಳೇನೋ. ಈಗ ಬಿಡುವ ಮಾತೇ ಇಲ್ಲ.

"ಆ ಸಾಲು ಅಳಿಸಿ ಬರೀರಿ, ಹೇಳ್ತೀನಿ. 'ಸೂಲಗಿತ್ತಿಯರ ಮಾತುಗಳ ಸಂಗ್ರಹ ಪೂರ್ತಿ ನನ್ನದು. ನನ್ನ ಶಿಫಾರಸು ಪತ್ರವನ್ನು ಕಳಿಸದೆ ಇಟ್ಟುಕೊಂಡು, ಮರುವರ್ಷ ಅದೇ ವಿಷಯಕ್ಕೆ ಇವರು ಫೆಲೋಶಿಪ್ ಪಡೆದರು.'"

ಗೈಡಿನ ಮುಖ ಸುಣ್ಣದಂತಾಯಿತು. "ಇದನ್ನ ಬರೆದ್ರೆ ನನಗೆ ಯಾರಮ್ಮ ಕೊಡ್ತಾರೆ?"

"ನಿಮ್ಮ ಹಸ್ತಪ್ರತಿಗಳ ಕೆಲಸ ನಿಮ್ಮದೇ. ಚೆನ್ನಾಗೂ ಇದೆ. ಪತ್ರದಲ್ಲಿ ಅದರ ಬಗ್ಗೆ ಇರೋ ಪ್ಯಾರಾ ಮುಟ್ಟಲ್ಲ. ಅದಕ್ಕೆ ಕೊಟ್ರೆ ಕೊಡಲಿ."

"ಬರೀದಿದ್ರೆ?"

"ಸಂಜೆ ಆಗುತ್ತೆ."

ಗೈಡು ಬಾಗಿಲ ಕಡೆ ನೋಡಿದರು, ಲ್ಯಾಪ್‌ಟಾಪ್ ನೋಡಿದರು. ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದರು. 'ಕಳಿಸದೆ' ಎಂಬಲ್ಲಿ ಬೆರಳು ನಿಂತಿತು. "ಕಳಿಸೋದನ್ನ ಮರೆತು ಅಂತ ಹಾಕ್ಲಾ?"

"ಮರೆತವರು ಅದೇ ವಿಷಯಕ್ಕೆ ಅರ್ಜಿ ಹಾಕ್ತಾರಾ ಸರ್?"

ಅವರು ಅವಳು ಹೇಳಿದ್ದನ್ನೇ ಬರೆದರು. ಟೇಪಕ್ಕ ಮೊದಲಿಂದ ಕೊನೆಯವರೆಗೆ ಓದಿದಳು. ಕೆಳಗೆ ತನ್ನ ಹೆಸರು, ಹುದ್ದೆ ಸೇರಿಸಿ, ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದಳು. ತೆರೆಯ ಮೇಲಿನ ಚಕ್ರ ಒಂದಷ್ಟು ಹೊತ್ತು ತಿರುಗಿ ನಿಂತಿತು.

"ಹೋಯ್ತಾ?"

"ಹೋಯ್ತು ಸರ್," ಎಂದಳು ಟೇಪಕ್ಕ.