ಎಲಿಸಾರಿಯಾನ ಸರದಿ

ಪಾಸ್ಟರ್ ಉರಾಸ್ಸಾರ ಬಲಗಾಲಿನ ಬೂಟು ಕಿರ್ರೆನ್ನುತ್ತದೆ, ಎಡಗಾಲಿನದು ಇಲ್ಲ, ಒಂದೇ ಜೊತೆ, ಒಂದೇ ಚರ್ಮ, ಆದರೂ ಒಂದು ಕೂಗುತ್ತದೆ ಒಂದು ಸುಮ್ಮನಿರುತ್ತದೆ, ರೊಟ್ಟಿಯ ತಟ್ಟೆ ಹಿಡಿದು ಅವರು ಮುಂದೆ, ದ್ರಾಕ್ಷಾರಸದ ಬಟ್ಟಲು ಹಿಡಿದು ನಾನು ಹಿಂದೆ, ಕಿರ್ರ್, ಮೌನ, ಕಿರ್ರ್, ಬಟ್ಟಲು ತಣ್ಣಗಿದೆ, ಜುಲೈ ತಿಂಗಳಲ್ಲಿ ಬೆಟ್ಟದಿಂದ ಇಳಿಯುವ ಮಂಜು ನಮ್ಮೂರು ಮಚಾಮೆಯ ಗೋಡೆಗಳನ್ನೆಲ್ಲ ತೂರಿ ಬರುತ್ತದೆ, ಬೆಳ್ಳಿಯನ್ನು ಬಿಟ್ಟೀತೆ, ಬೆರಳ ಗೆಣ್ಣುಗಳು ನೋಯುತ್ತಿವೆ, ನಿನಗಾಗಿ ಸುರಿದ ರಕ್ತ, ಕುಡಿ, ಅಂಚು ಒರೆಸು, ಬಟ್ಟಲು ತಿರುಗಿಸು, ಮುಂದಿನವಳು, ನಿನಗಾಗಿ ಸುರಿದ ರಕ್ತ, ಇವಳು ಕಷಾಯ ಕುಡಿಯುವವಳ ಹಾಗೆ ಕಣ್ಣು ಮುಚ್ಚುತ್ತಾಳೆ, ಒರೆಸು, ತಿರುಗಿಸು — ಜನ ಮೊಣಕಾಲೂರಿದ ಕಟಕಟೆಯ ಕೊನೆಯಲ್ಲಿ ಕುರ್ಚಿ ಇದೆ, ನೋಡಬಾರದು, ನೋಡಿದೆ, ಕುರ್ಚಿಯಲ್ಲಿ ಎಲಿಸಾರಿಯಾ, ಮೊಣಕಾಲೂರಲು ಆಗದವನಿಗೆ ಕುರ್ಚಿ, ಒಂದು ಕಾಲದಲ್ಲಿ ಈ ಸಭೆಯ ಹಿರಿಯರಿಗೆಲ್ಲ ಹಿರಿಯ, ಅವನು ಕೆಮ್ಮಿದರೆ ಗಾಯನ ತಂಡ ಹಾಡು ನಿಲ್ಲಿಸುತ್ತಿತ್ತು, ಈಗ ಕೋಟಿನೊಳಗೆ ಮನುಷ್ಯನನ್ನು ಹುಡುಕಬೇಕು, ಇವತ್ತು ಅವನು ನನ್ನ ಕೈಯಿಂದ ಕುಡಿಯಬೇಕು, ಬೆಳಿಗ್ಗೆ ಪಾಸ್ಟರ್ ಕೇಳಿದರು, ಅಯ್ಕಾನಮ್ಮ, ನಿಮಗೆ ಕಷ್ಟ ಆಗೋದಾದ್ರೆ ಬೇರೆ ಹಿರಿಯರಿಗೆ ಹೇಳ್ತೀನಿ, ನನಗ್ಯಾಕೆ ಕಷ್ಟ ಪಾಸ್ಟರೇ, ಸರದಿ ನಂದು, ಬಟ್ಟಲು ನಾನೇ ಹಿಡೀತೀನಿ ಅಂದೆ, ಒಳ್ಳೆಯವರು, ಮಗನ ವಯಸ್ಸು, ನನ್ನ ಮಗಳು ಅಯ್ಕಾ ಸತ್ತಾಗ ಇವರು ಎಲ್ಲೋ ಹಾಸ್ಟೆಲಿನಲ್ಲಿ ಕೂತು ಉಗಾಲಿ ಮುದ್ದೆ ತಿನ್ನುತ್ತಿದ್ದರು, ನಾನು ಯಾಕೆ ಬಿಟ್ಟುಕೊಡಲಿಲ್ಲ ಎಂದು ಇವರಿಗೆ ಹೇಗೆ ಗೊತ್ತಾಗಬೇಕು, ಕುರ್ಚಿಯವನಿಗೆ ರೊಟ್ಟಿ ಕೊಟ್ಟು ಇವರು ಬೆನ್ನು ತಿರುಗಿಸುತ್ತಾರೆ, ಆಗ ಆ ಮುಖದ ಮುಂದಿನಿಂದ ಬಟ್ಟಲನ್ನು ಹಾಗೇ ದಾಟಿಸಿಬಿಟ್ಟರೆ ಯಾರಿಗೆ ತಿಳಿಯುತ್ತದೆ, ಅಂಚು ಒರೆಸಿದ ಹಾಗೆ ಮಾಡಿ ಒಂದು ಹೆಜ್ಜೆ, ಅವನಿಗೆ ತಿಳಿಯುತ್ತದೆ, ನನಗೆ ತಿಳಿಯುತ್ತದೆ, ಮೇಲೊಬ್ಬನಿದ್ದಾನೆ, ಅವನಿಗೂ ತಿಳಿಯಲಿ, ಎಷ್ಟು ಸುಲಭಕ್ಕೆ ಒಳಗೆ ಕರೆದುಕೊಂಡೆಯಪ್ಪಾ ಇವನನ್ನು, ಇವತ್ತು ಪ್ರಸಂಗ ಮುಗಿದದ್ದೇ ತಡ, ಪಾಪ ಒಪ್ಕೋತೀರಾ ಎಂದು ಪಾಸ್ಟರ್ ಕೇಳಿದರು, ತಲೆಯಾಡಿಸಿದ, ಕರ್ತನ ಕೃಪೇನ ನಂಬ್ತೀರಾ ಎಂದರು, ತಲೆಯಾಡಿಸಿದ, ಗಂಟಲಲ್ಲಿ ಗೆಡ್ಡೆ, ಮಾತು ಹೋಗಿದೆ, ಅನ್ನ ಹೋಗಿದೆ, ಅವನ ತಂಗಿ ಫೊಯಿಬೆ ಚಮಚದಲ್ಲಿ ನೀರುಗಂಜಿ ಬಿಡುತ್ತಾಳಂತೆ, ಅದರಲ್ಲಿ ಅರ್ಧ ಎದೆಯ ಮೇಲೆ, ಎರಡು ಸಲ ತಲೆಯಾಡಿಸಿದ್ದಕ್ಕೆ ಸಭೆ ಎದ್ದು ನಿಂತಿತು, ನಂಬಿಕೆ ಸಾಕು ಪ್ರಿಯರೇ, ನಾವೆಲ್ಲ ಖಾಲಿ ಕೈಯವರು, ಕೃಪೆ ಸುಮ್ಮನೆ ಸಿಗುತ್ತೆ ಅಂದರು ಪಾಸ್ಟರ್, ಹೆಂಗಸರು ಸಂತೋಷಕ್ಕೆ ನಾಲಿಗೆ ಹೊರಳಿಸಿ ಉಲಿದರು, ನನ್ನ ನಾಲಿಗೆ ಹೊರಳಲಿಲ್ಲ.

ತಲೆಯಾಡಿಸಿದ. ನನ್ನ ಅಯ್ಕಾ ತಲೆಯಾಡಿಸಿದ್ದರೆ ಸಾಕಾಗುತ್ತಿತ್ತೆ, ಇಲ್ಲ, ಅವಳು ನಿಂತು ಹೇಳಬೇಕಿತ್ತು, ವಿಶ್ವಾಸದ ಪಾಠ ಪೂರ್ತಿ, ಪುಸ್ತಕ ನೋಡದೆ, ಎಡವದೆ, ಇದೇ ಎಲಿಸಾರಿಯಾ ನಮ್ಮ ಒಲೆಯ ಮುಂದೆ ಕೂತು, ನಾನು ಮಾಡಿದ ಬಾಳೆಕಾಯಿ ಸಾರನ್ನು ಮತ್ತೆ ಬಡಿಸಿಕೊಂಡು, ನೋಡಮ್ಮಾ, ಮದುವೆ ಇಲ್ದೆ ಬಸುರಾದವಳು ಸಭೆಯಿಂದ ಹೊರಗೆ, ಒಳಗೆ ಬರಬೇಕಾದ್ರೆ ಬಾಗಿಲಿಂದ್ಲೇ ಬರಬೇಕು, ಗೋಡೆ ಹಾರೋ ಹಾಗಿಲ್ಲ ಅಂದ, ನೀವು ಹೇಳಿದ ಹಾಗೇ ಆಗಲಿ ಹಿರಿಯರೇ ಅಂದೆ ನಾನು, ಹಿರಿಯರೇ ಅಂದೆ, ಕಾಫಿ ಲಾರಿಯವನು ಅವಳ ಹೊಟ್ಟೆ ತುಂಬಿಸಿ ಮೊಂಬಾಸಾ ದಾರಿ ಹಿಡಿದ, ಅವನು ಯಾವ ಬೆಂಚಿನಲ್ಲೂ ಕೂರಲಿಲ್ಲ, ಇವಳು ಹೊರಗಿಟ್ಟವರ ಹಿಂದಿನ ಬೆಂಚಿನಲ್ಲಿ ಕೂತಳು, ಭಾನುವಾರದಿಂದ ಭಾನುವಾರಕ್ಕೆ ಹೊಟ್ಟೆ ಎದುರಿನ ಬೆಂಚಿಗೆ ತಾಗುವ ತನಕ, ಕಲಿತಳು, ಹಸುವಿಗೆ ಬಾಳೆದಿಂಡು ಕೊಚ್ಚುತ್ತ ಕಲಿತಳು, ಕತ್ತಿಯ ಏಟಿಗೊಂದು ಪದ, ನಾನು ಕೊಟ್ಟಿಗೆಯ ಈ ಕಡೆಯಿಂದ ಒಂದು ಸಾಲು, ಅವಳು ಆ ಕಡೆಯಿಂದ ಮುಂದಿನ ಸಾಲು, ನನ್ನ ಅಜ್ಜಿ ನನಗೆ ಹಾಗೇ ಕಲಿಸಿದ್ದು, ಓದು ಬಾರದವಳು, ಕೇಳಿ ಕೇಳಿಯೇ ಕೀರ್ತನೆಗಳನ್ನೆಲ್ಲ ಎದೆಯಲ್ಲಿಟ್ಟುಕೊಂಡವಳು, ಅಮ್ಮಾ, ಹೊಟ್ಟೇಲಿರೋದು ಹುಟ್ಟೋಕ್ಮುಂಚೇನೇ ಪರೀಕ್ಷೆ ಪಾಸಾಗುತ್ತೆ ನೋಡ್ತಿರು ಅನ್ನುತ್ತಿದ್ದಳು ಅಯ್ಕಾ, ಹಿರಿಯರ ಕೋಣೆಯಲ್ಲಿ ನಿಂತು ಶುರು ಮಾಡಿದಳು, ನಾನು ಹೊರಗೆ ಕಿಟಕಿಯ ಕೆಳಗೆ, ಒಂದೂ ತಪ್ಪಿಲ್ಲ, ಕಾಲುವೆಯ ನೀರು ಇಳಿದ ಹಾಗೆ ಇಳಿಯುತ್ತಿತ್ತು, ಮುಕ್ಕಾಲು ಮುಗಿದಿತ್ತು, ಆಗ ಮಗು ಒದೆಯಿತು, ಇವಳು ನಕ್ಕುಬಿಟ್ಟಳು, ಅಷ್ಟೇ, ಹೊಟ್ಟೆ ಹಿಡಿದುಕೊಂಡು ಕಿಲಕಿಲ ನಕ್ಕಳು, ಆ ವಯಸ್ಸಿನ ಹುಡುಗಿ ನಗದೆ ಏನು ಮಾಡುತ್ತಾಳೆ, ಇದು ನಗೋ ವಿಷಯ ಅಲ್ಲ ಕಣಮ್ಮ, ಎಲಿಸಾರಿಯಾನ ದನಿ, ಒಣಗಿದ ಬಾಳೆಯೆಲೆ ಎಳೆದ ಹಾಗೆ, ನಿನ್ನ ಪಶ್ಚಾತ್ತಾಪ ಇನ್ನೂ ಮಾಗಿಲ್ಲ, ಮುಂದಿನ ತಿಂಗಳು ಬಾ — ಮುಂದಿನ ತಿಂಗಳು ಬರುವಷ್ಟರಲ್ಲಿ ತೋಟದಲ್ಲಿ ಗುಂಡಿ ತೋಡಿದ್ದೆವು, ತಾಯಿಗೂ ಮಗುವಿಗೂ ಸೇರಿ ಒಂದೇ, ಹೆರಿಗೆಯಲ್ಲಿ ಹೋದಳು, ಹೊರಗಿನವಳಾಗಿಯೇ ಹೋದಳು, ಹೊರಗಿನವಳಿಗೆ ಗಂಟೆ ಇಲ್ಲ, ಪಾಸ್ಟರಿಲ್ಲ, ಹಾಡಿಲ್ಲ, ಹಾಡಿಬಿಟ್ಟಾರು ಎಂದು ಎಲಿಸಾರಿಯಾ ಕೊಡೆ ಹಿಡಿದು ಬೇಲಿಯ ಬಳಿ ಕಾವಲು ನಿಂತ, ಹೆಂಗಸರು ಅವನನ್ನು ನೋಡಿದರು, ತುಟಿ ಬಿಗಿದುಕೊಂಡು ಗುನುಗಿದರು, ಪದ ಒಂದೂ ಇಲ್ಲ, ಬರೀ ರಾಗ, ಮೂಗಿನಿಂದ, ಜೇನುಹುಳ ಎದ್ದ ಹಾಗೆ ತೋಟವೆಲ್ಲ ಗುಂಯ್ ಎಂದಿತು, ಗುನುಗೋಕೂ ನಿಯಮ ಮಾಡಿದೀರಾ ಹಿರಿಯರೇ, ಇಲ್ಲಾ ಇವತ್ತೇ ಮಾಡ್ತೀರಾ ಎಂದು ಪಕ್ಕದ ಮನೆಯ ಮುದುಕಿ ಕೇಳಿದಳು, ಅವನು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ, ನಾನು ಗುನುಗಲೂ ಇಲ್ಲ, ನನಗೆ ಪದ ಬೇಕಿತ್ತು, ಅವಳು ಕಲಿತಿದ್ದಳಲ್ಲ, ಎಲ್ಲ ಪದ.

ನಿನಗಾಗಿ ಸುರಿದ ರಕ್ತ, ಗಾಯನ ತಂಡದ ದಪ್ಪ ಮನುಷ್ಯ, ಎರಡು ಗುಟುಕು ಎಳೆದ, ಪ್ರತಿಸಲವೂ ಹಾಗೇ, ಹೋಗಲಿ, ಒರೆಸು, ತಿರುಗಿಸು, ಇನ್ನು ನಾಲ್ಕೈದು ಜನ, ಆಮೇಲೆ ಕುರ್ಚಿ, ಎಲಿಸಾರಿಯಾನ ಗುಟ್ಟು ಬಯಲಾದ ದಿನ ನಾನು ಮತ್ತೆ ನಕ್ಕೆ, ಹೌದು, ನಕ್ಕೆ, ಅರುಷಾ ಪಟ್ಟಣದಲ್ಲಿ ಇನ್ನೊಂದು ಮನೆ, ಇನ್ನೊಂದು ಹೆಂಗಸು, ಶಾಲೆಗೆ ಹೋಗುವ ಮಕ್ಕಳು, ಅಯ್ಕಾಳಿಗೆ ಬಾಗಿಲು ಗೋಡೆ ಎಂದು ಪಾಠ ಹೇಳುವಾಗಲೇ ಇವನು ಅಲ್ಲಿ ತೊಟ್ಟಿಲು ತೂಗುತ್ತಿದ್ದ, ಸಭೆ ಅವನನ್ನೂ ಹೊರಗಿಟ್ಟಿತು, ಅದೇ ಹಿಂದಿನ ಬೆಂಚು, ಎರಡು ಭಾನುವಾರ ಕೂತ, ಮೂರನೆಯದಕ್ಕೆ ಬರಲಿಲ್ಲ, ನನ್ನನ್ನು ಹಿರಿಯಳಾಗಿ ಆರಿಸಿದರು, ಅವನು ಕೂರುತ್ತಿದ್ದ ಜಾಗದಲ್ಲಿ ಕೂತೆ, ಬೆಚ್ಚಗಿತ್ತು ಅನ್ನಿಸಿತು, ಒಳಗೆ ಅಷ್ಟು ಸಂತೋಷ, ದೇವರು ನ್ಯಾಯವಂತ ಅಂದುಕೊಂಡೆ, ಮೊದಲ ಸಲ, ಈಗ ನೋಡು, ಹೋದ ವಾರ ಫೊಯಿಬೆ ಬಂದಳು, ಕೈಯಲ್ಲಿ ಇಸಾಲೆ ಎಲೆ, ಗಂಟು ಹಾಕಿದ್ದು, ಅಣ್ಣನ ಪರವಾಗಿ, ದೂರದಿಂದಲೇ ಕಂಡೆ, ಇಸಾಲೆ ಹಿಡಿದು ಬಂದವರನ್ನು ಕ್ಷಮಿಸದೆ ಕಳಿಸುವ ಹಾಗಿಲ್ಲ, ಕೊಲೆ ಮಾಡಿದವನು ತಂದರೂ ತೆಗೆದುಕೊಳ್ಳಬೇಕು, ಪಾಸ್ಟರುಗಳು ಈ ಬೆಟ್ಟ ಹತ್ತುವುದಕ್ಕೆ ಮುಂಚಿನಿಂದಲೂ ಹಾಗೇ, ಎದುರು ನಿಂತರೆ ತಾನೆ ತೆಗೆದುಕೊಳ್ಳುವುದು, ಕೊಟ್ಟಿಗೆಗೆ ನುಗ್ಗಿದೆ, ಎರಡು ಹಸುಗಳ ನಡುವೆ ಕುಕ್ಕರಿಸಿ ಕೂತೆ, ಅಯ್ಕಾನಮ್ಮಾ, ಇದೀಯೇನೇ ಅಕ್ಕಾ, ನಿನ್ನ ಚಪ್ಪಲಿ ಇಲ್ಲೇ ಐತಲ್ಲೇ ಎಂದು ಕೂಗಿದಳು, ಉಸಿರು ಬಿಗಿಹಿಡಿದೆ, ಹಸು ಬಾಲದಿಂದ ನನ್ನ ಕೆನ್ನೆಗೆ ಬಾರಿಸಿತು, ನಿಂಗೂ ವಯಸ್ಸಾಯ್ತು, ಅವನಿಗೂ ಆಯ್ತು, ಕೊಟ್ಟಿಗೇಲಿ ಎಷ್ಟೊತ್ತು ಅಂತ ಕೂರ್ತೀಯಾ ಅಂದಳು ಫೊಯಿಬೆ, ಗೊತ್ತಾಗಿತ್ತು ಅವಳಿಗೆ, ಎಲೆಯನ್ನು ಹೊಸಿಲ ಮೇಲಿಟ್ಟು ಹೋದಳು, ಅಂದಿನಿಂದ ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದೇನೆ, ಮುಂಬಾಗಿಲು ತೆರೆದಿಲ್ಲ, ತೆರೆದರೆ ಕಾಣುತ್ತದೆ, ಕಂಡರೆ ಮುಗಿಯಿತು, ಎಲೆ ಬಾಡುತ್ತದೆ ತಾನೆ ಎಂದರೆ ಇಸಾಲೆ ಬಾಡುವ ಜಾತಿಯೇ ಅಲ್ಲ, ಕಡಿದು ಎಸೆದರೆ ಅಲ್ಲೇ ಬೇರು ಬಿಡುತ್ತದೆ, ಅದಕ್ಕೇ ಗೋರಿಗೆ ನೆಡುವುದು, ಕ್ಷಮೆ ನನ್ನ ಹತ್ತಿರ ಸಿಗಲಿಲ್ಲ ಎಂದು ನೆಟ್ಟಗೆ ನಿನ್ನ ಹತ್ತಿರ ಬಂದ, ಕರ್ತನೇ, ನೀನು ಕೊಟ್ಟಿಗೆಯಲ್ಲಿ ಅಡಗಲಿಲ್ಲ, ಹುಟ್ಟಿದ್ದೇ ಅಲ್ಲಿ, ಅಡಗುವುದು ನಿನಗೆಲ್ಲಿ ಗೊತ್ತು, ಬಾ ಅಂದುಬಿಟ್ಟೆ, ನನ್ನನ್ನು ಒಂದು ಮಾತು ಕೇಳಿದೆಯಾ, ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೂ ಒಂದೇ ಮಾತು ಸಾಕಾಯಿತಂತೆ, ಆ ಕಳ್ಳ ಯಾರ ಮನೆ ಮುರಿದಿದ್ದನೋ, ಯಾರ ಮಗಳ ರಕ್ತ ಅವನ ಕೈಮೇಲಿತ್ತೋ, ಆ ತಾಯಿ ಅಲ್ಲೇ ಜನರ ನಡುವೆ ನಿಂತು ಕೇಳಿಸಿಕೊಂಡಿದ್ದರೆ, ಅವಳ ಬಗ್ಗೆ ಯಾವ ಪಾಸ್ಟರೂ ಪ್ರಸಂಗ ಮಾಡಿದ್ದು ನಾನು ಕಾಣೆ, ಕೃಪೆ ಎಲ್ಲರಿಗೂ ಸುಮ್ಮನೆ ಸಿಗುವುದಾದರೆ ಅಯ್ಕಾಳಿಗೆ ಯಾಕೆ ಪರೀಕ್ಷೆ ಇಟ್ಟರು, ನಂಬಿದ್ದಳಲ್ಲ ಅವಳು, ನಕ್ಕದ್ದೇ ನಂಬಿದ್ದರಿಂದ, ಬಾಗಿಲು ತೆರೆದೇ ಇದೆ ಅಂದುಕೊಂಡಿದ್ದರಿಂದ.

ಕಿರ್ರ್. ಪಾಸ್ಟರ್ ಕುರ್ಚಿಯ ಮುಂದೆ ಬಗ್ಗಿದರು, ರೊಟ್ಟಿಯ ಚೂರನ್ನು ಉಗುರಿನಷ್ಟಕ್ಕೆ ಮುರಿದು ನಾಲಿಗೆಯ ಮೇಲಿಟ್ಟರು, ಎದ್ದರು, ತಟ್ಟೆ ಖಾಲಿಯಾಗಿದೆ, ತುಂಬಿಸಿಕೊಳ್ಳಲು ಮೇಜಿನ ಕಡೆ ತಿರುಗಿದರು, ಬೆನ್ನು, ಇದೇ ಹೊತ್ತು, ಒರೆಸಿದ ಹಾಗೆ ಮಾಡು, ಒಂದು ಹೆಜ್ಜೆ, ದಾಟು, ದಾಟು ಅಂದರೆ, ಅವನು ಬಾಯಿ ತೆರೆದ, ಹಲ್ಲಿಲ್ಲ, ಒಳಗೆ ಬಿಳಿ ನಾಲಿಗೆ, ಅದರ ಮೇಲೆ ರೊಟ್ಟಿಯ ಚೂರು ಕರಗದೆ ಕೂತಿದೆ, ಕಣ್ಣು ನನ್ನನ್ನು ನೋಡುತ್ತಿದೆ, ಗುರುತು ಹಿಡಿದಿದೆ, ಬೇಡಿಕೊಳ್ಳಲು ಮುಖದಲ್ಲಿ ಮಾಂಸ ಉಳಿದಿಲ್ಲ, ಬೆದರಿದೆಯಾ, ಬೆದರು, ನಾನು ದಾಟುತ್ತೇನೆಂದು ನಿನಗೆ ಗೊತ್ತಾಯಿತಲ್ಲ, ಗೊತ್ತಾದರೂ ಬಾಯಿ ಮುಚ್ಚುತ್ತಿಲ್ಲ ಇವನು, ಮುಚ್ಚೋ, ಮರ್ಯಾದೆಯಿಂದ ಮುಚ್ಚು, ತೆರೆದೇ ಇಟ್ಟಿದ್ದಾನೆ, ನಿನಗಾಗಿ, ಯಾರು ಅಂದದ್ದು, ನಾನೇ, ನನ್ನ ನಾಲಿಗೆಯ ಚಾಳಿ ಇದು, ಮನಸ್ಸಿನದಲ್ಲ, ಇಡೀ ಸಾಲಿಗೆ ಹೇಳಿಕೊಂಡು ಬಂದ ನಾಲಿಗೆ ನಿಲ್ಲಲಿಲ್ಲ, ನಿನಗಾಗಿ ಅಂದ ಮೇಲೆ ಮುಂದಿನದು ತಾನಾಗಿ ಬರುತ್ತದೆ, ಒಂದು ಸಾಲು ಹಿಡಿದರೆ ಇನ್ನೊಂದು ಬಿಡದು, ಹಾಗೇ ಕಲಿಸಿದ್ದು, ಸುರಿದ ರಕ್ತ, ಕೈಯೂ ನಾಲಿಗೆಯ ಹಿಂದೆ ಹೋಯಿತು, ಬಟ್ಟಲು ವಾಲಿತು, ಒಂದು ಹನಿ ಸಾಕಿತ್ತು, ಗುಟುಕಿನಷ್ಟು ಹೋಯಿತು, ಅಯ್ಯೋ ಅಕ್ಕಾ, ಅಷ್ಟು ಇಳಿಯಲ್ಲ ಅವನಿಗೆ, ಅಷ್ಟು ಇಳಿಯಲ್ಲ, ಕುರ್ಚಿಯ ಹಿಂದಿನಿಂದ ಫೊಯಿಬೆಯ ಪಿಸುದನಿ, ಇಳಿಯಲಿಲ್ಲ, ನಾಲಿಗೆಯ ಕುಳಿಯಲ್ಲಿ ನಿಂತಿತು, ಕೆಂಪಗೆ, ಮಳೆ ಬಿಟ್ಟ ಮೇಲೆ ಹಸುವಿನ ಗೊರಸಿನ ಗುರುತಿನಲ್ಲಿ ನೀರು ನಿಂತ ಹಾಗೆ, ರೊಟ್ಟಿಯ ಚೂರು ಅದರಲ್ಲಿ ತೇಲುತ್ತಿದೆ, ತಲೆ ಹಿಂದಕ್ಕೆ ಚೆಲ್ಲಿದ್ದಾನೆ, ಚೆಲ್ಲಬಾರದೆಂದು, ಉಗುಳಿದರೆ ಬದುಕುತ್ತಾನೆ, ಕರ್ತನ ರಕ್ತವನ್ನು ಉಗುಳುವವನಲ್ಲ ಇವನು, ಇಂಥದರಲ್ಲೆಲ್ಲ ನಿಯಮ ಬಿಡುವವನಲ್ಲ, ಉಸಿರು ಕಟ್ಟಿದ್ದಾನೆ, ಕೆಮ್ಮಿದರೆ ಶ್ವಾಸಕ್ಕೆ ಹೋಗುತ್ತದೆ, ಇಲ್ಲೇ, ನನ್ನ ಕೈಯಿಂದಲೇ ಸಾಯುತ್ತಾನೆ, ಸಾಯಲಿ, ಇದನ್ನೇ ಅಲ್ಲವೆ ಕೇಳಿದ್ದು ನಾನು, ಬೇಲಿಯ ಬಳಿ ಕೊಡೆ ಹಿಡಿದು ನಿಂತವನು, ಸಾಯಲಿ, ತೆರೆದ ಬಾಯಿ, ಅದರಲ್ಲಿ ಕೆಂಪು, ಅದುರುತ್ತಿದೆ, ಅವನ ಕೈ ನನ್ನ ಸೆರಗಿಗೋ ಏನಕ್ಕೋ ತಡಕಾಡಿ ಸಿಕ್ಕದೆ ಕುರ್ಚಿಗೆ ಬಿತ್ತು, ನುಂಗು, ಯಾಕೆ ನುಂಗುತ್ತಿಲ್ಲ, ಇಷ್ಟು ಸುಲಭಕ್ಕೆ ಸಿಕ್ಕಿದೆ ನಿನಗೆ, ನುಂಗು, ನಾನು ಕೊಟ್ಟದ್ದಲ್ಲ ಅದು, ನನ್ನದೇನೂ ಇಲ್ಲ ಅದರಲ್ಲಿ, ನಾನು ನಿನಗೆ ಏನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ, ನುಂಗೋ ಎಲಿಸಾರಿಯಾ, ನನ್ನ ಹೆಬ್ಬೆರಳು ಅವನ ಗದ್ದದ ಕೆಳಗಿದೆ, ಯಾವಾಗ ಹೋಯಿತು ಅಲ್ಲಿಗೆ, ಕರುವಿಗೆ ಔಷಧ ಇಳಿಸುವ ಹಾಗೆ ಗಂಟಲನ್ನು ಮೇಲಿನಿಂದ ಕೆಳಕ್ಕೆ ನೀವುತ್ತಿದೆ, ಗೆಡ್ಡೆ ಸಿಗುತ್ತದೆ ಬೆರಳಿಗೆ, ಕಲ್ಲಿನ ಹಾಗಿದೆ, ಬಿಸಿಯಾಗಿದೆ, ನೀವು, ಇನ್ನೊಂದು ಸಲ, ಪಾಸ್ಟರ್ ಬೂಟು ಎಲ್ಲಿ, ಕೇಳಿಸುತ್ತಿಲ್ಲ, ಯಾವುದೂ ಕೇಳಿಸುತ್ತಿಲ್ಲ, ನುಂಗು, ನನ್ನ ಗಂಟಲು ತಾನಾಗಿ ನುಂಗಿತು, ಬರಿದೇ, ಅವನದು ಇಲ್ಲ, ನುಂಗಪ್ಪಾ, ಕೆಂಪು, ತೆರೆದ ಬಾಯಲ್ಲಿ ಕೆಂಪು, ನಿಂತಿದೆ, ನುಂಗು, ಕೆಂಪು ಇನ್ನೂ ನಿಂತೇ ಇದೆ