ಬಿದಿರಿನ ತಿರುವಿನಲ್ಲಿ ಮುನಿಯುವ ತಾಯಿ

ಇನ್ತಾ ಎಂಬವನು ಕೆಟ್ಟಿದ್ದೇ ತನ್ನ ಬಾಯಿಯಿಂದ. ಬೆಳಗ್ಗೆ ತನ್ನ ಪಿಕಪ್ ಗಾಡಿಯ ಮೂತಿಗೆ ಮಲ್ಲಿಗೆ ಮಾಲೆ ಹಾಕಿ, ಬಿಸಿ ಅನ್ನದ ಉಂಡೆ ಇಟ್ಟು, ಕೈಮುಗಿದವನು ಸುಮ್ಮನೆ ಏಳಬಹುದಿತ್ತು. ಆದರೆ ಗುಡ್ಡದ ದಾರಿಯಲ್ಲಿ ಗಾಡಿ ಮತ್ತೆ ಮತ್ತೆ ಕೈಕೊಟ್ಟು ಸಿಟ್ಟು ನೆತ್ತಿಗೇರಿತ್ತು. "ಮೇ ಯಾನಾಂಗ್ ತಾಯಿ, ಇವತ್ತು ಗುಡ್ಡದ ಗುಡಿ ಮುಟ್ಟಿಸಿದ್ರೆ ನೀನು ನನ್ನೋಳು. ಮುಟ್ಟಿಸ್ಲಿಲ್ಲ ಅಂದ್ರೆ ನಿಂಗೆ ನಾನು ಬೇಡ ಅಂತ ಅರ್ಥ. ನಾಳೆ ಗುಜರಿಯವನನ್ನ ಕರೀತೀನಿ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟ.

ಗಾಡಿಯ ದೇವತೆಗೆ ಕೊಟ್ಟ ಮಾತು. ಲಂಪಾಂಗ್ ಪಟ್ಟಣದ ಸುತ್ತಮುತ್ತ ಅಂಥ ಮಾತನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಹೇಳಿದ ಮರುಗಳಿಗೆಯೇ ಅವನು ನಾಲಿಗೆ ಕಚ್ಚಿಕೊಂಡ.

"ದೊಡ್ಡಪ್ಪ, ನಿಂಗೇನ್ ಬುದ್ಧಿ ಕೆಟ್ಟಿದ್ಯಾ?" ಎಂದು ಗಾಡಿಯಡಿಯಿಂದ ಬುವಾಕೇವ್‌ಳ ದನಿ ಬಂತು. "ಇಷ್ಟು ದಿನ ಇದರ ಹೊಟ್ಟೆಯೊಳಗೇ ಬಿದ್ದಿದೀನಿ. ಆಣೆ ಇಡೋಕೆ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಬಾರ್ದಾ?"

ಬುವಾಕೇವ್ ಅವನ ತಮ್ಮನ ಮಗಳು. ಮೂರು ವರ್ಷ ಮಾವಿನ ಮರದ ಕೆಳಗೆ ಕೋಳಿಗಳಿಗೆ ಗೂಡಾಗಿದ್ದ ಗಾಡಿಗೆ ಜೀವ ತುಂಬಿದವಳು ಅವಳೇ. ತುಕ್ಕು ಕೆರೆದಳು, ಎಂಜಿನ್ ಇಳಿಸಿ ಬಿಚ್ಚಿದಳು, ಸಿಕ್ಕದ ಬಿಡಿಭಾಗವನ್ನು ಹಳೆಯ ಉಳುವ ಯಂತ್ರದ ಕಬ್ಬಿಣದಿಂದ ತಾನೇ ಕಡೆದು ಕೂರಿಸಿದಳು. ಕೀಲಿ ತಿರುಗಿಸಿದಾಗ ಎಂಜಿನ್ ಗುಡುಗಿದ ದಿನ ಇನ್ತಾ ಕೋಳಿಗಳ ಮುಂದೆಯೇ ಅತ್ತಿದ್ದ. ಅವಳ ಕೈಕೆಲಸದ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯೆಂದರೆ, ಅದನ್ನು ಹೇಳಲು ಬಾರದೆ ದಿನವೂ ಬೈಯುತ್ತಿದ್ದ.

ಒಂದೇ ಒಂದು ಕಾಯಿಲೆ ಉಳಿದಿತ್ತು. ಗಾಡಿ ಊರಲ್ಲಿ ಚೆನ್ನಾಗಿ ಓಡುತ್ತಿತ್ತು. ಗುಡ್ಡ ಹತ್ತತೊಡಗಿದರೆ ಬಿದಿರಿನ ತಿರುವಿನಲ್ಲಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಹೊರಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಬುವಾಕೇವ್ ಫಿಲ್ಟರ್ ಬದಲಾಯಿಸಿದಳು, ಪೈಪುಗಳನ್ನು ಊದಿದಳು, ಪಂಪ್ ಬಿಚ್ಚಿ ಜೋಡಿಸಿದಳು. ಕಾಯಿಲೆ ಜಗ್ಗಲಿಲ್ಲ.

"ನೀನು ಬಾನೆಟ್ ಮೇಲೆ ಕಾಲಿಟ್ಯಲ್ಲ, ಅದಕ್ಕೇ ತಾಯಿ ಮುನಿಸ್ಕೊಂಡಿದಾಳೆ" ಎಂದು ಇನ್ತಾ ಹೇಳುತ್ತಿದ್ದ.

"ಮುನಿಸಾದ್ರೆ ಊರಲ್ಲೂ ನಿಲ್ಬೇಕಿತ್ತು. ಬಿದಿರು ಕಂಡ್ರೆ ಮಾತ್ರ ಮುನಿಸಾ?"

ಆದರೂ ಅವಳು ಹೂವಿಟ್ಟು ತಪ್ಪಾಯಿತೆಂದು ಬೇಡಿಕೊಂಡಿದ್ದಳು. ದೊಡ್ಡಪ್ಪನ ಸಮಾಧಾನಕ್ಕೆ ಅಷ್ಟಾದರೂ ಮಾಡುತ್ತಿದ್ದಳು.

ಇನ್ತಾ ಎಂದಿನಂತೆ ತಾನೇ ಡೀಸೆಲ್ ಹಾಕಿದ. ತಾಯಿ ಉಣ್ಣುವ ಬಾಯಿಯನ್ನು ಬೇರೆಯವರು ಮುಟ್ಟಕೂಡದೆಂಬುದು ಅವನ ಕಟ್ಟಳೆ. ಇಬ್ಬರೂ ಹೊರಟರು. ಬಿದಿರಿನ ತಿರುವು ಬಂತು. ಎಂಜಿನ್ ಕೆಮ್ಮಿತು, ನಡುಗಿತು, ನಿಂತಿತು.

ಇನ್ತಾ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತ. ಕೊಟ್ಟ ಮಾತು ಕೊರಳಿಗೆ ಬಿದ್ದಿತ್ತು. ಅರ್ಧ ಆಯಸ್ಸು ಜೊತೆಗಿದ್ದವಳನ್ನು ನಾಳೆ ಗ್ಯಾಸ್ ಕಟರ್ ಹಿಡಿದು ತುಂಡು ಮಾಡುತ್ತಾರೆ, ಕರೆದು ಒಪ್ಪಿಸುವವನು ತಾನೇ.

"ಡೀಸೆಲ್ ಇದೆ ತಾನೆ? ಅಳತೆ ತೋರ್ಸೋ ಮುಳ್ಳು ಸತ್ತಿದೆ, ಕಡ್ಡಿ ಇಳಿಸಿ ನೋಡ್ತೀನಿ" ಎಂದು ಬುವಾಕೇವ್ ಇಳಿದು ಹೋದಳು.

ಬೇಡ ಎನ್ನಲೂ ಅವನಿಗೆ ಶಕ್ತಿ ಇರಲಿಲ್ಲ. ಅವಳು ಟ್ಯಾಂಕಿನ ಮುಚ್ಚಳ ತಿರುವಿದಳು. 'ಸ್ಸ್ಸ್' ಎಂದು ಟ್ಯಾಂಕು ಉದ್ದಕ್ಕೆ ಗಾಳಿ ಎಳೆದುಕೊಂಡಿತು.

ಬುವಾಕೇವ್ ಬಗ್ಗಿ ಆ ಸದ್ದಿಗೆ ಕಿವಿ ಕೊಟ್ಟಳು. ಆಮೇಲೆ ಮುಚ್ಚಳವನ್ನು ಬೆಳಕಿಗೆ ಹಿಡಿದಳು.

"ದೊಡ್ಡಪ್ಪ, ಬಾ ಇಲ್ಲಿ. ಇದೇನಿದು?"

ಮುಚ್ಚಳದ ಮೇಲೆ ಬಂಗಾರದ ತೆಳು ಹಾಳೆಗಳು ಒಂದರ ಮೇಲೊಂದು ಅಂಟಿದ್ದವು. ಅವುಗಳ ನಡುವೆ ಒಣಗಿ ಗಟ್ಟಿಯಾದ ಬಿಳಿ ಗಂಧ.

"ಪ್ರತಿ ಹಬ್ಬಕ್ಕೂ ಹಚ್ಚಿದ್ದು" ಎಂದು ಇನ್ತಾ ಮೆಲ್ಲಗೆ ಹೇಳಿದ. "ಗಾಡಿ ಓಡದಿದ್ದಾಗ್ಲೂ ಬಿಟ್ಟಿಲ್ಲ. ಉಣ್ಣೋ ಬಾಯಿ ಅಲ್ವಾ, ಬರಿದಾಗ್ಬಾರ್ದು ಅಂತ."

"ಇದು ಬಾಯಷ್ಟೇ ಅಲ್ಲ, ಮೂಗು ಕೂಡ. ಇಲ್ಲೊಂದು ಸಣ್ಣ ತೂತು ಇರುತ್ತೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಬರ್ಬೇಕು. ಇಲ್ದಿದ್ರೆ ಎಂಜಿನ್ ಎಳೆದ್ರೂ ಎಣ್ಣೆ ಬರಲ್ಲ. ಗುಡ್ಡ ಹತ್ತೋವಾಗ ಎಣ್ಣೆ ಜಾಸ್ತಿ ಬೇಕು, ಅದಕ್ಕೇ ಇಲ್ಲೇ ನಿಲ್ತಿತ್ತು. ನೀನು ಚಿನ್ನ ಹಚ್ಚಿ ನಿನ್ ತಾಯಿಗೇ ಉಸಿರುಗಟ್ಟಿಸಿದೀಯ, ಪುಣ್ಯಾತ್ಮ!"

ಇನ್ತಾನ ಮುಖ ಸುಟ್ಟ ಬದನೆಯಾಯಿತು. ಅವಳು ನಗುತ್ತಾಳೆಂದುಕೊಂಡ. ಊರಿಗೆಲ್ಲ ಹೇಳುತ್ತಾಳೆ, ಹೇಳಲಿ, ಹೇಳುವಂಥದ್ದೇ.

ಅವಳು ನಗಲಿಲ್ಲ. ಅಂಗಿಯ ಗುಂಡಿ ಇಲ್ಲದ ಕಡೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು, ಮುಚ್ಚಳವನ್ನು ಎರಡು ಕೈಗಳಲ್ಲಿ ಹಣೆಗೆ ಒತ್ತಿಕೊಂಡಳು. "ತಾಯಿ, ಚೂರು ನೋಯುತ್ತೆ, ತಡ್ಕೋ" ಎಂದು ಪಿನ್ನಿನ ತುದಿಯನ್ನು ಚಿನ್ನದೊಳಗೆ ಇಳಿಸಿ ಮೆಲ್ಲಗೆ ತಿರುವಿದಳು. ತೂತು ತೆರೆಯಿತು. ಸುತ್ತಲಿನ ಚಿನ್ನದ ಒಂದು ಎಳೆಯೂ ಏಳಲಿಲ್ಲ.

ಇಂಥ ಕೈಯನ್ನು ಇನ್ತಾ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಗಾಡಿ ಬಿದಿರಿನ ತಿರುವು ದಾಟಿತು, ಅದರ ಮೇಲಿನ ತಿರುವನ್ನೂ ದಾಟಿತು, ಗುಡಿಯ ಮೆಟ್ಟಿಲ ಮುಂದೆ ಹೋಗಿ ನಿಂತಿತು. ಇನ್ತಾ ಇಳಿದು ಬಾನೆಟ್ಟಿಗೆ ಕೆನ್ನೆ ಹಚ್ಚಿದ. ಬಿಸಿ ತಾಗಿದರೂ ತೆಗೆಯಲಿಲ್ಲ. ಆಮೇಲೆ ಜೇಬಿನಿಂದ ಕಾಗದದ ಮಡಿಕೆ ತೆಗೆದ. ಅದರಲ್ಲಿ ಇವತ್ತಿಗೆಂದು ತಂದ ಒಂದು ಹೊಸ ಚಿನ್ನದ ಹಾಳೆ ಇತ್ತು.

"ಮತ್ತೆ ಮುಚ್ಚಳಕ್ಕೆ ಹಚ್ಚಿದ್ರೆ ನೋಡು!" ಎಂದು ಬುವಾಕೇವ್ ಕೂಗಿದಳು.

"ಕೈ ಚಾಚು" ಎಂದ ಇನ್ತಾ.

"ಯಾಕೆ?"

"ಚಾಚು ಅಂದೆ."

ಅವಳು ಚಾಚಿದ ಕೈಯ ಹಿಂಬದಿಗೆ ಅವನು ಆ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿದ.

"ದೊಡ್ಡಪ್ಪ, ಕೈಯೆಲ್ಲಾ ಗ್ರೀಸು."

"ಇರ್ಲಿ ಬಿಡು, ಚೆನ್ನಾಗಿ ಹಿಡ್ಕೊಳ್ಳುತ್ತೆ."